ಇಬ್ಬರ ಗಳಿಕೆ, ಒಂದು ಲೆಕ್ಕ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)



ಆರೋಗ್ಯ ಇಲಾಖೆಯವರು ಕರೆದ ಸಭೆಯೆಂದರೆ ಚುಚ್ಚುಮದ್ದು, ಕಬ್ಬಿಣದ ಮಾತ್ರೆ, ತಾಯಿ ಕಾರ್ಡುಗಳ ಮಾತೇ ಬರುವುದೆಂದು ನೀವು ಎಣಿಸಿರುವುದು ಸಹಜ. ಇಂದು ನಾನು ನಿಮ್ಮೊಡನೆ ಮಾತನಾಡಲಿರುವುದು ಹಣದ ವಿಷಯ. ಇದು ನಮ್ಮ ಇಲಾಖೆಗೆ ಸಂಬಂಧಿಸದ ವಿಷಯವೆಂದು ಯಾರೂ ತಿಳಿಯಬೇಕಾಗಿಲ್ಲ. 1930ರಲ್ಲಿ ಆಗಿನ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಸಲಹೆ ಕೊಡುವ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೊಂದು ಇಂತಹ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಮೊದಲೆಂದು ಹೇಳುವುದುಂಟು. ಅಂದಿನಿಂದ ಇಂದಿನವರೆಗೆ ದಂಪತಿಗಳು ನಮ್ಮ ಕಾರ್ಯಕರ್ತರ ಮುಂದೆ ಇಡುವ ಪ್ರಶ್ನೆ ಮೂಲತಃ ಒಂದೇ: ಇನ್ನೊಂದು ಮಗುವನ್ನು ಸಾಕುವ ಶಕ್ತಿ ನಮಗಿದೆಯೇ? ಅದಕ್ಕೆ ವೈದ್ಯರು ಅರ್ಧ ಉತ್ತರವನ್ನು ಮಾತ್ರ ಹೇಳಬಲ್ಲರು. ಉಳಿದರ್ಧ ನಿಮ್ಮ ಮನೆಯ ಲೆಕ್ಕದಲ್ಲಿದೆ.

ಹಿಂದೆ ಹಳ್ಳಿಯ ಸಂಸಾರಕ್ಕೆ ಹಣ ಬರುವ ಬಾಗಿಲು ಒಂದೇ ಇತ್ತು. ಅದು ಹೊಲದ ಬಾಗಿಲು. ಈಗ ಅನೇಕ ಮನೆಗಳಿಗೆ ಎರಡು ಬಾಗಿಲುಗಳಿವೆ. ರಾಮನಗರ, ಮಂಡ್ಯ, ಚಿಕ್ಕಬಳ್ಳಾಪುರಗಳ ಕಡೆ ಬೆಳಗಿನ ಜಾವ ರಸ್ತೆಬದಿಯಲ್ಲಿ ನಿಂತು ನೋಡಿದರೆ, ಬುತ್ತಿ ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಯ ವಾಹನವನ್ನು ಕಾಯುವ ಹೆಣ್ಣುಮಕ್ಕಳ ಸಾಲೇ ಕಾಣುತ್ತದೆ. ಅವರ ಗಂಡಂದಿರು ಹಿಪ್ಪುನೇರಳೆ ತೋಟದಲ್ಲಿಯೋ ಹೈನಿನಲ್ಲಿಯೋ ತೊಡಗಿರುತ್ತಾರೆ. ಬೇರೆ ಜಿಲ್ಲೆಗಳಲ್ಲಿ ಇದೇ ಮಾತನ್ನು ಅಂಗನವಾಡಿ ಕಾರ್ಯಕರ್ತೆ ಮತ್ತು ಆಕೆಯ ರೈತ ಪತಿಗೆ, ಬಸ್ ಚಾಲಕ ಮತ್ತು ಹೊಲಿಗೆ ಮಾಡುವ ಆತನ ಪತ್ನಿಗೆ ಅನ್ವಯಿಸಿಕೊಳ್ಳಬಹುದು.

ಇಬ್ಬರು ದುಡಿದರೆ ಕಷ್ಟ ಅರ್ಧವಾಗಬೇಕು. ಆದರೆ ಅನೇಕ ಮನೆಗಳಲ್ಲಿ ಅರ್ಧವಾಗುವುದಿಲ್ಲ, ಸಾಲ ಮಾತ್ರ ಇಮ್ಮಡಿಯಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಎರಡು ಹಾಸಿಗೆಗಳನ್ನು ಜೋಡಿಸಿ ಹಾಸಿದಾಗ ಕಾಲು ಎರಡರಷ್ಟು ಚಾಚುತ್ತದೆ. ಒಂದನ್ನು ಯಾರಾದರೂ ಮಡಿಸಿ ಒಯ್ದರೆ ಅದೇ ಕಾಲು ನೆಲದ ಮೇಲೆ ಬೀಳುತ್ತದೆ. ಹೀಗೇಕಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಪತ್ನಿ ಕಾರ್ಖಾನೆಗೆ ಹೋಗಿ ಕಡಿತಗಳೆಲ್ಲ ಕಳೆದು ತಿಂಗಳಿಗೆ ರೂ. 12,000 ತರುತ್ತಾಳೆಂದು ಇಟ್ಟುಕೊಳ್ಳಿ. ಪತಿ ಒಂದು ಎಕರೆ ತೋಟದಲ್ಲಿ ವರ್ಷಕ್ಕೆ ಐದು ಬೆಳೆ ರೇಷ್ಮೆಗೂಡು ತೆಗೆಯುತ್ತಾನೆ. ಖರ್ಚು ಕಳೆದು ಬೆಳೆಗೆ ರೂ. 30,000 ಉಳಿಯುತ್ತದೆಂದು ಇಟ್ಟುಕೊಳ್ಳಿ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಮನೆಯ ಅಂಕಿಗಳನ್ನು ನೀವು ಹಾಕಿಕೊಳ್ಳಿ. ವರ್ಷಕ್ಕೆ ಆಕೆಯದು ರೂ. 1,44,000, ಆತನದು ರೂ. 1,50,000. ಹೆಚ್ಚುಕಡಿಮೆ ಸಮ. ತಿಂಗಳ ಸರಾಸರಿ ರೂ. 24,500. ಮನೆಯ ಖರ್ಚು ತಿಂಗಳಿಗೆ ರೂ. 13,000 ಎಂದಿಟ್ಟುಕೊಂಡರೆ, ಕಾಗದದ ಮೇಲೆ ಪ್ರತಿ ತಿಂಗಳೂ ರೂ. 11,500 ಉಳಿಯಬೇಕು.

ಆದರೆ ಈ ಎರಡು ಗಳಿಕೆಗಳು ಒಂದೇ ಜಾತಿಯವಲ್ಲ. ಸಂಬಳ ಸಣ್ಣದಾದರೂ ತಿಂಗಳಿಗೊಮ್ಮೆ ಬರುತ್ತದೆ. ಗೂಡಿನ ಹಣ ಸುಮಾರು ಎರಡೂವರೆ ತಿಂಗಳಿಗೊಮ್ಮೆ ಒಟ್ಟಾಗಿ ಬರುತ್ತದೆ. ಬರುವುದೆಂಬ ಭರವಸೆಯೂ ಇಲ್ಲ. ಹಾಲುತೊಂಡೆ ಬಂತು, ಸಪ್ಪೆ ರೋಗ ಬಂತು, ಊಜಿ ನೊಣ ಬಿತ್ತು, ಇಲ್ಲವೇ ಬೆಳೆ ಚೆನ್ನಾಗಿ ಬಂದ ವಾರವೇ ಮಾರುಕಟ್ಟೆಯಲ್ಲಿ ದರ ಕುಸಿಯಿತು. ಹಣ ಒಟ್ಟಾಗಿ ಕೈಗೆ ಬಂದ ದಿನ ಮನೆ ಶ್ರೀಮಂತವಾದಂತೆ ತೋರುತ್ತದೆ. ಆ ಒಂದು ವಾರದಲ್ಲಿ ಮಾಡಿದ ತೀರ್ಮಾನಗಳೇ ಮುಂದಿನ ಎರಡು ವರ್ಷ ಸಂಸಾರವನ್ನು ಆಳುವುದನ್ನು ನೀವು ಕಂಡಿದ್ದೀರಿ. ಮುಂಗಡ ಕಟ್ಟಿ ತಂದ ದ್ವಿಚಕ್ರ ವಾಹನ, ಅಣ್ಣನ ಮನೆಯ ಮದುವೆಗೆ ಒಪ್ಪಿಕೊಂಡ ಉಡುಗೊರೆ, ಮತ್ತೊಂದು ಕೊಳವೆ ಬಾವಿ, ಇವೆಲ್ಲ ಆ ವಾರದ ಮಕ್ಕಳು.

ಆದುದರಿಂದ ಗೂಡಿನ ಹಣ ಬಂದ ದಿನವೇ ಅದನ್ನು ಮೂರು ಪಾಲು ಮಾಡಬೇಕು. ಮೊದಲನೆಯದು ಮುಂದಿನ ಬೆಳೆಯ ಬಂಡವಾಳ: ಗೊಬ್ಬರ, ಚಾಕಿ ಹುಳು, ಸೋಂಕು ನಿವಾರಕ, ಕೂಲಿ. (ಮೇಲಿನ ಲೆಕ್ಕದಲ್ಲಿ ಇದನ್ನು ಕಳೆದೇ ರೂ. 30,000 ಎಂದಿದ್ದೇನೆ; ಅದನ್ನು ಮುಟ್ಟಬಾರದು.) ಎರಡನೆಯದು ಮುಂದಿನ ಎರಡೂವರೆ ತಿಂಗಳ ಮನೆಖರ್ಚಿಗೆ ಸಂಬಳ ಸಾಲದೆ ಬರುವ ಕೊರತೆ ಮತ್ತು ಸಾಲದ ಕಂತು. ಇವೆರಡರ ಬಳಿಕ ಉಳಿದದ್ದು ಮಾತ್ರ ಉಳಿತಾಯ. ಮಾರುಕಟ್ಟೆಯಿಂದ ಹಣ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುವುದರಿಂದ ಈ ಪಾಲು ಮಾಡುವುದು ಮೊದಲಿಗಿಂತ ಸುಲಭ. ಹಿಂದೆ ಅದು ಜೇಬಿನಲ್ಲಿ ಬರುತ್ತಿತ್ತು, ದಾರಿಯಲ್ಲಿಯೇ ಒಂದಿಷ್ಟು ಸವೆಯುತ್ತಿತ್ತು.

ಇಲ್ಲಿ ಪುರುಷರಿಗೆ ಒಂದು ಮಾತು ಹೇಳಬೇಕು. ಗೂಡಿನ ಹಣವನ್ನು ‘ನನ್ನ ಹಣ’ ಎಂದೂ ಹೆಂಡತಿಯ ಸಂಬಳವನ್ನು ಉಪ್ಪು-ಮೆಣಸಿನ ಹಣವೆಂದೂ ಕರೆಯುವುದು ನಮ್ಮಲ್ಲಿ ರೂಢಿ. ಕಾರ್ಖಾನೆಯಿಂದ ಸಂಜೆ ಮರಳಿದ ಹೆಣ್ಣುಮಗಳು ಹುಳುಮನೆಗೆ ಹೋಗಿ ಸೊಪ್ಪು ಹಾಕುವುದನ್ನು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ರಾತ್ರಿ ಕಣ್ಣು ಮುಚ್ಚದಿರುವುದನ್ನು ನೀವು ದಿನವೂ ನೋಡುತ್ತೀರಿ. ಆ ಕೂಲಿಯನ್ನು ಹೊರಗಿನವರಿಗೆ ಕೊಡಬೇಕಾಗಿದ್ದರೆ ಬೆಳೆಗೆ ಎಷ್ಟು ಉಳಿಯುತ್ತಿತ್ತು? ಗೂಡು ಇಬ್ಬರದು, ಸಂಬಳವೂ ಇಬ್ಬರದು. ಆದರೆ ಸಂಬಳದ ಬ್ಯಾಂಕ್ ಖಾತೆ ಮಾತ್ರ ಆಕೆಯ ಹೆಸರಿನಲ್ಲಿಯೇ, ಎಟಿಎಂ ಕಾರ್ಡು ಆಕೆಯ ಕೈಯಲ್ಲಿಯೇ, ಅದರ ಗುಪ್ತಸಂಖ್ಯೆ ಆಕೆಯ ನೆನಪಿನಲ್ಲಿಯೇ ಇರತಕ್ಕದ್ದು. ಕಾರ್ಡು ಗಂಡನ ಜೇಬಿನಲ್ಲಿದ್ದರೆ ಸಂಬಳ ಎಲ್ಲಿ ಹೋಯಿತೆಂಬುದು ಆಕೆಗೆ ತಿಳಿಯುವುದಿಲ್ಲ. ತಿಳಿಯದವಳೊಡನೆ ಯಾವ ಯೋಜನೆಯನ್ನೂ ಹಾಕಲಾಗದು. ಇದಲ್ಲದೆ ಮನೆಯ ಉಳಿತಾಯಕ್ಕೆ ಇಬ್ಬರ ಹೆಸರಿನಲ್ಲಿ ಒಂದು ಜಂಟಿ ಖಾತೆಯನ್ನು ತೆರೆಯಿರಿ. ಇಬ್ಬರಲ್ಲಿ ಯಾರಾದರೂ, ಅಥವಾ ಬದುಕಿ ಉಳಿದವರು ಹಣ ಪಡೆಯಬಹುದು ಎಂಬ ಷರತ್ತಿನ ಮೇಲೆ ಖಾತೆ ತೆರೆಯಲು ಬ್ಯಾಂಕಿನವರಿಗೆ ಹೇಳಿರಿ.

ಲೆಕ್ಕದ ಪುಸ್ತಕ ಇಡಿ ಎಂದರೆ ನಗುವವರಿದ್ದಾರೆ. ದೊಡ್ಡ ಲೆಕ್ಕ ಬೇಡ. ಮಕ್ಕಳ ಹಳೆಯ ನೋಟ್‌ಪುಸ್ತಕದಲ್ಲಿ ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು; ತಿಂಗಳಿಗೊಮ್ಮೆ, ಸಂಬಳ ಬಂದ ಭಾನುವಾರ, ಇಬ್ಬರೂ ಕುಳಿತು ಕೂಡಿ ನೋಡಿದರೆ ಸಾಕು. ಬೀಡಿ, ಎಲೆಯಡಿಕೆ, ಹೋಟೆಲು, ಮೊಬೈಲ್, ಮದ್ಯ ಇವುಗಳ ಹೆಸರನ್ನು ಬರೆಯಲು ನಾಚಿಕೆಯಾದರೂ ಮೊತ್ತವನ್ನು ಬರೆಯಿರಿ. ಮದ್ಯದ ಬಗ್ಗೆ ಇಲಾಖೆ ಹೇಳುವುದು ಬಹಳವಿದೆ, ಅದು ಬೇರೆ ದಿನದ ಉಪನ್ಯಾಸ.

ಈಗ ಸಾಲದ ವಿಷಯಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಹೆಚ್ಚು ಕಾಲ ತಡೆಯುವೆನು.

ಸಾಲವೆಲ್ಲ ಕೆಟ್ಟದ್ದಲ್ಲ. ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿಕೊಂಡರು. ಸಾಲವೇ ಬೇಡವೆಂದು ಅವರು ಹೇಳಲಿಲ್ಲ. ಸರಿಯಾದ ಬಡ್ಡಿಯಲ್ಲಿ, ಸರಿಯಾದ ಕೆಲಸಕ್ಕೆ ಸಾಲ ಬೇಕೆಂದರು. ಈಗಲೂ ಸಕಾಲದಲ್ಲಿ ತೀರಿಸುವ ರೈತನಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕ ರಾಜ್ಯದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ದೊರೆಯುತ್ತದೆ. ಇದನ್ನು ಬಿಟ್ಟು ಊರ ಸಾಹುಕಾರನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರುವವರು ಇಂದಿಗೂ ಇದ್ದಾರೆ. ಮೂರು ಎಂದರೆ ಸಣ್ಣ ಸಂಖ್ಯೆಯಂತೆ ಕೇಳುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ ಮೂವತ್ತಾರು. ರೂ. 10,000 ತಂದು ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ ಮೂರು ವರ್ಷಕ್ಕೆ ರೂ. 10,800 ಕಟ್ಟಿದಂತಾಯಿತು, ಹತ್ತು ಸಾವಿರ ಹಾಗೆಯೇ ನಿಂತಿದೆ.

ಇನ್ನೊಂದು ಬಗೆಯ ಬಡ್ಡಿ ಇದಕ್ಕಿಂತ ಸೂಕ್ಷ್ಮ. ‘ವರ್ಷಕ್ಕೆ ಕೇವಲ ಹನ್ನೆರಡು’ ಎಂದು ಹೇಳಿ ರೂ. 24,000 ಕೊಡುತ್ತಾರೆ. ವರ್ಷದ ಬಡ್ಡಿ ರೂ. 2,880 ಸೇರಿಸಿ, ಹನ್ನೆರಡು ಕಂತು ಮಾಡಿ, ತಿಂಗಳಿಗೆ ರೂ. 2,240 ಕಟ್ಟಿ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ನೀವು ಪ್ರತಿ ತಿಂಗಳೂ ರೂ. 2,000 ಅಸಲು ಹಿಂದಿರುಗಿಸುತ್ತಿದ್ದೀರಿ. ಕೊನೆಯ ತಿಂಗಳಲ್ಲಿ ನಿಮ್ಮ ಬಳಿ ಅವರ ಎರಡೇ ಸಾವಿರ ಇರುತ್ತದೆ. ಬಡ್ಡಿ ಮಾತ್ರ ಇಪ್ಪತ್ತನಾಲ್ಕು ಸಾವಿರಕ್ಕೇ ಕಟ್ಟುತ್ತಿದ್ದೀರಿ. ವರ್ಷದುದ್ದಕ್ಕೂ ನಿಮ್ಮ ಬಳಿ ಇದ್ದ ಅಸಲಿನ ಸರಾಸರಿ ರೂ. 13,000. ಅದಕ್ಕೆ ರೂ. 2,880 ಬಡ್ಡಿ ಎಂದರೆ ನಿಜವಾದ ದರ ನೂರಕ್ಕೆ ಇಪ್ಪತ್ತೊಂದಕ್ಕೂ ಮೇಲೆ. ಆದುದರಿಂದ ಸಾಲ ಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಬಡ್ಡಿ ಇಳಿಯುವ ಅಸಲಿನ ಮೇಲೋ, ಮೊದಲಿನ ಮೊತ್ತದ ಮೇಲೋ? ಉತ್ತರವನ್ನು ಕಾಗದದ ಮೇಲೆ ಕೊಡಲು ಹೇಳಿರಿ.

ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಏಪ್ರಿಲ್‌ನಿಂದ ಈ ವಿಷಯದಲ್ಲಿ ಸ್ಪಷ್ಟವಾಗಿವೆ. ವರ್ಷಕ್ಕೆ ರೂ. 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ. ನಮ್ಮ ಉದಾಹರಣೆಯ ದಂಪತಿಗಳ ಆದಾಯ ರೂ. 2,94,000, ಅವರು ಈ ಮಿತಿಯೊಳಗೇ ಬಂದರು. ಕುಟುಂಬದ ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಕೂಡದು. ಬಡ್ಡಿ ಮತ್ತು ಶುಲ್ಕಗಳ ವಿವರ ಪತ್ರವನ್ನು ಕೊಡಲೇಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಬಳಿಕ ವಸೂಲಿಗೆಂದು ಕಾಡುವಂತಿಲ್ಲ.

ಆದಾಯದ ಅರ್ಧ ಎಂಬುದನ್ನು ಗಮನಿಸಿ. ನಮ್ಮ ದಂಪತಿಗಳಿಗೆ ಅದು ರೂ. 12,250, ಅಂದರೆ ಪತ್ನಿಯ ಪೂರ್ತಿ ಸಂಬಳಕ್ಕಿಂತ ಹೆಚ್ಚು. ನಿಯಮ ಇಷ್ಟಕ್ಕೆ ಅವಕಾಶ ಕೊಡುತ್ತದೆಂದು ಅವರು ತಿಂಗಳಿಗೆ ರೂ. 12,000 ಕಂತಿಗೆ ಒಪ್ಪಿಕೊಂಡರೆನ್ನಿ. ಒಂದು ಬೆಳೆ ಕೈಕೊಟ್ಟಿತು. ಮುಂದಿನ ಗೂಡಿನ ಹಣ ಬರುವ ತನಕ ಎರಡೂವರೆ ತಿಂಗಳು ಮನೆಗೆ ಸಂಬಳವೊಂದೇ ಆಧಾರ. ತಿಂಗಳಿಗೆ ಬೇಕಾದದ್ದು ಖರ್ಚಿಗೆ 13,000, ಕಂತಿಗೆ 12,000, ಇರುವುದು 12,000. ತಿಂಗಳ ಕೊರತೆ ರೂ. 13,000, ಎರಡೂವರೆ ತಿಂಗಳಿಗೆ ರೂ. 32,500. ಅದನ್ನು ತುಂಬಲು ಇನ್ನೊಂದು ಸಂಘದ ಸಾಲ, ಅದರ ಕಂತಿಗೆ ಕೊರಳಿನ ಚಿನ್ನ, ಹೀಗೆ ಸರಪಣಿ ಬೆಳೆಯುತ್ತದೆ. ಅದೇ ದಂಪತಿಗಳು ಕಂತನ್ನು ರೂ. 5,000ಕ್ಕೆ ನಿಲ್ಲಿಸಿದ್ದರೆ ತಿಂಗಳ ಕೊರತೆ ರೂ. 6,000, ಒಟ್ಟು ರೂ. 15,000 ಮಾತ್ರ. ಕೈಯಲ್ಲಿ ಒಂದು ಬೆಳೆಯ ಆದಾಯದಷ್ಟು, ಅಂದರೆ ರೂ. 30,000 ಆಪದ್ಧನ ಇದ್ದಿದ್ದರೆ ಕಂತೂ ತಪ್ಪುತ್ತಿರಲಿಲ್ಲ, ಮುಂದಿನ ಬೆಳೆಗೆ ಕಳೆದುಹೋದ ಬಂಡವಾಳವೂ ಸ್ವಲ್ಪ ಮಟ್ಟಿಗೆ ಸಿಗುತ್ತಿತ್ತು. ನಿಯಮದ ಮಿತಿ ಸಾಲ ಕೊಡುವವರಿಗೆ ಹಾಕಿದ ಬೇಲಿ. ನೀವು ಎಲ್ಲಿ ನಿಲ್ಲಬೇಕೆಂಬುದನ್ನು ಅದು ಹೇಳುವುದಿಲ್ಲ. ಇಬ್ಬರ ಗಳಿಕೆಯಲ್ಲಿ ಒಂದು ಕೆಲವು ತಿಂಗಳು ನಿಂತರೂ ತಪ್ಪದೆ ಕಟ್ಟಬಲ್ಲ ಕಂತು ಎಷ್ಟೋ ಅಷ್ಟೇ ನಿಮ್ಮ ಮಿತಿ.

ಗುಂಪಿನ ಸಾಲಗಳನ್ನು ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿ ಕೊಡುತ್ತಾರೆ. ಹಣ ಗಂಡನ ಕೆಲಸಕ್ಕೋ ಮೈದುನನ ಸಾಲಕ್ಕೋ ಹೋಗುತ್ತದೆ. ಕಂತಿನ ದಿನ ಬಾಗಿಲಲ್ಲಿ ಹೆಸರು ಕೂಗಿಸಿಕೊಳ್ಳುವವಳು ಮಾತ್ರ ಆಕೆ. ಸಹಿ ಮಾಡುವವಳಿಗೆ ಹಣ ಯಾವುದಕ್ಕೆ, ಎಲ್ಲಿಂದ ತೀರುವುದು ಎಂಬೆರಡು ಪ್ರಶ್ನೆಗಳನ್ನು ಕೇಳುವ ಹಕ್ಕಿದೆ. ಉತ್ತರ ಬರದಿದ್ದರೆ ಸಹಿ ಮಾಡದಿರುವ ಹಕ್ಕೂ ಇದೆ. 2025ರ ಆರಂಭದಲ್ಲಿ ವಸೂಲಿಯ ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಿಂದ ಬಂದಿತು. ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸಾಲ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ಅದು ಕಾಯಿದೆಯಾಯಿತು. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಆದರೆ ಅಪಾರ್ಥ ಬೇಡ: ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯಿಂದ ತಂದ ಸಾಲ ಇದರಿಂದ ಮನ್ನಾ ಆಗುವುದಿಲ್ಲ. ಕಂತು ಕಟ್ಟಲಾಗದ ಸ್ಥಿತಿ ಬಂದರೆ ಅಡಗಿಕೊಳ್ಳದೆ ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗಿ ಅವಧಿಯನ್ನು ವಿಸ್ತರಿಸಲು ಕೇಳಿರಿ. ಸಾಲ ಹಲವಿದ್ದಲ್ಲಿ, ಎಲ್ಲದರ ಕನಿಷ್ಠ ಕಂತನ್ನು ಕಟ್ಟಿ, ಮಿಕ್ಕ ಹಣವನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿ ಅದನ್ನು ಮೊದಲು ಮುಗಿಸಿರಿ. ನಾಲ್ಕು ಜನರ ಮುಂದೆ ಮಾನ ಉಳಿಯಲೆಂದು ಕಡಿಮೆ ಬಡ್ಡಿಯ ನೆಂಟರ ಸಾಲವನ್ನು ಮೊದಲು ತೀರಿಸಿ, ಮೂವತ್ತಾರರ ಬಡ್ಡಿಯನ್ನು ಬೆಳೆಯಬಿಡುವುದು ನಮ್ಮಲ್ಲಿ ಬಹಳ.

ಮದುವೆಯ ಸಾಲದ ಬಗ್ಗೆ ಹೇಳಿದರೆ ಯಾರಿಗೂ ರುಚಿಸದು. ಆದ್ದರಿಂದ ಒಂದೇ ವಾಕ್ಯ: ಮೂರು ದಿನದ ಊಟಕ್ಕೆ ಮೂರು ವರ್ಷದ ಕಂತು ಬೇಡ.

ಉಳಿತಾಯದಲ್ಲಿ ಕನ್ನಡ ನಾಡು ದೇಶಕ್ಕೆ ದಾರಿ ತೋರಿಸಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಅದರ ಪ್ರತಿನಿಧಿ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ. ದೊಡ್ಡ ಮೊತ್ತ ಉಳಿಯಲಿ, ಆಮೇಲೆ ಇಡೋಣ ಎನ್ನುವವರ ಬಳಿ ದೊಡ್ಡ ಮೊತ್ತ ಎಂದೂ ಉಳಿಯುವುದಿಲ್ಲವೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಇಂದು ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯನ್ನು ತಿಂಗಳಿಗೆ ರೂ. 100ರಿಂದ ಆರಂಭಿಸಬಹುದು. ಸ್ತ್ರೀಶಕ್ತಿ ಗುಂಪಿನ ವಾರದ ಉಳಿತಾಯವೂ ಒಳ್ಳೆಯದೇ. ಗೃಹಲಕ್ಷ್ಮಿಯಂತಹ ನೆರವಿನ ಹಣ ಬರುವ ಮನೆಗಳಲ್ಲಿ ಅದನ್ನು ಯಾವ ಸಾಲದ ಕಂತಿಗೂ ಲೆಕ್ಕ ಹಿಡಿಯದೆ ಉಳಿತಾಯಕ್ಕೆ ತಿರುಗಿಸುವುದು ಜಾಣತನ.

ಹೆಚ್ಚು ಬಡ್ಡಿಯ ಆಸೆಗೆ ಎಲ್ಲಿಯಾದರೂ ಇಡುವ ಮುನ್ನ ಒಂದನ್ನು ತಿಳಿದಿರಿ. ಬ್ಯಾಂಕು ಮುಳುಗಿದರೂ ಪ್ರತಿ ಠೇವಣಿದಾರನಿಗೆ ಆ ಬ್ಯಾಂಕಿನಲ್ಲಿ ರೂ. 5 ಲಕ್ಷದವರೆಗೆ ವಿಮಾ ರಕ್ಷಣೆ 2020ರಿಂದ ಇದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘ, ಊರ ಚೀಟಿ, ಪರಿಚಯದವರ ‘ಫೈನಾನ್ಸು’ಗಳಿಗೆ ಈ ರಕ್ಷಣೆ ಇಲ್ಲ. ಫಲಕದ ಮೇಲೆ ದೇವರ ಹೆಸರಿದ್ದರೂ ಇಲ್ಲ.

ಕಾರ್ಖಾನೆಯ ಸಂಬಳದ ಚೀಟಿಯಲ್ಲಿ ಭವಿಷ್ಯನಿಧಿಗೆಂದು ಕಡಿತವಾಗುವ ಹಣವೂ ನಿಮ್ಮ ಉಳಿತಾಯವೇ. ಮಾಲೀಕರೂ ತಮ್ಮ ಪಾಲನ್ನು ಸೇರಿಸುತ್ತಾರೆ. 2016ರ ಏಪ್ರಿಲ್‌ನಲ್ಲಿ ಈ ಹಣವನ್ನು ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ಹಾಕಿದ್ದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಆ ನಿಯಮ ರದ್ದಾಯಿತು. ಅದು ತಮ್ಮ ಹಣವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದರೂ ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗಲೆಲ್ಲ ಹಳೆಯ ನಿಧಿಯನ್ನು ಹಿಂಪಡೆದು ಖರ್ಚು ಮಾಡುವುದು ತರವಲ್ಲ. ಅದೇ ಖಾತೆ ಸಂಖ್ಯೆಯನ್ನು ಹೊಸ ಕಾರ್ಖಾನೆಗೆ ಕೊಟ್ಟು ಮುಂದುವರಿಸಿರಿ.

ಈಗ ನಮ್ಮ ಇಲಾಖೆಯ ಮಾತು. ದಂಪತಿಗಳ ಲೆಕ್ಕದಲ್ಲಿ ಬೆಳೆ ನಷ್ಟ ಅನಿರೀಕ್ಷಿತ. ಆದರೆ ಹೆರಿಗೆ ಅನಿರೀಕ್ಷಿತವಾಗಬೇಕಾದ್ದಿಲ್ಲ. ಸಾಲ ತೆಗೆಯುವಾಗ ಇಬ್ಬರ ಆದಾಯವನ್ನೂ ಹಿಡಿದು ಮೂರು ವರ್ಷದ ಕಂತಿಗೆ ಒಪ್ಪುತ್ತಾರೆ. ಒಂದು ವರ್ಷ ಕಳೆಯುವಷ್ಟರಲ್ಲಿ ಪತ್ನಿ ಗರ್ಭಿಣಿಯಾಗುತ್ತಾಳೆ, ಸಂಬಳ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಏಳು ತಿಂಗಳ ಬಸುರಿ ಕಂತಿಗಾಗಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾಳೆ. ಹೆರಿಗೆಯಾಗಿ ತಿಂಗಳೆರಡರಲ್ಲಿ ಎದೆಹಾಲು ಬಿಡಿಸಿ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೊರಡುತ್ತಾಳೆ. ಮಗು ಸೊರಗಿದ್ದೇಕೆಂದು ನಮ್ಮ ಆಶಾ ಕಾರ್ಯಕರ್ತೆ ಕೇಳಿದರೆ ಯಾರೂ ಬ್ಯಾಂಕಿನ ಪುಸ್ತಕವನ್ನು ತೋರಿಸುವುದಿಲ್ಲ. ತೋರಿಸಿದರೆ ಕಾರಣ ಅದರಲ್ಲಿಯೇ ಸಿಕ್ಕೀತು.

ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆಯ ಹಕ್ಕು ದೊರೆಯಿತು. ಇಎಸ್‌ಐ ಇರುವ ಕಾರ್ಮಿಕರಿಗೆ ಆ ಹಣ ನಿಗಮದಿಂದ ಬರುತ್ತದೆ. ಇದಕ್ಕೆ ನಿಗದಿತ ದಿನಗಳ ಕೆಲಸ, ವಂತಿಗೆ ಆಗಿರಬೇಕಾದ್ದರಿಂದ ಹೆರಿಗೆಗೆ ಮುಂಚೆ ಕಾರ್ಖಾನೆ ಬದಲಿಸುವವರು ವಿಚಾರಿಸಿಕೊಂಡು ಬದಲಿಸಬೇಕು. ದಿನಗೂಲಿಯವರಿಗೆ, ಮನೆಯಲ್ಲಿ ಹೊಲಿಯುವವರಿಗೆ ಈ ರಜೆ ಇಲ್ಲ. ಇರುವವರಿಗೂ 26 ವಾರ ಕಳೆದ ಮೇಲೆ ಮಗು ಇನ್ನೂ ಅಂಬೆಗಾಲಿಡುತ್ತಿರುತ್ತದೆ. ಆದುದರಿಂದ ಮಗು ಬೇಕೆಂದು ತೀರ್ಮಾನಿಸುವ ದಂಪತಿಗಳು ಪತ್ನಿಯ ಗಳಿಕೆ ಒಂದು ವರ್ಷ ಇಲ್ಲವೆಂದೇ ಹಿಡಿದು ಲೆಕ್ಕ ಹಾಕಲಿ. ಮೇಲಿನ ಉದಾಹರಣೆಯಲ್ಲಿ ಗೂಡಿನ ಆದಾಯದ ಸರಾಸರಿ ತಿಂಗಳಿಗೆ ರೂ. 12,500. ಖರ್ಚಿಗೇ ಅದು ಸಾಲದು. ಐದು ಸಾವಿರದ ಕಂತೂ ಇದ್ದರೆ ತಿಂಗಳಿಗೆ ರೂ. 5,500 ಕೊರತೆ, ವರ್ಷಕ್ಕೆ ರೂ. 66,000. ಸಾಲ ಮೊದಲೇ ಮುಗಿದಿದ್ದರೆ ಕೊರತೆ ವರ್ಷಕ್ಕೆ ರೂ. 6,000 ಮಾತ್ರ. ಮೊದಲು ಸಾಲ ಮುಗಿಯಲಿ, ಬಳಿಕ ತೊಟ್ಟಿಲು ಕಟ್ಟೋಣ ಎಂಬ ತೀರ್ಮಾನದ ಬೆಲೆ ಅರವತ್ತು ಸಾವಿರ ರೂಪಾಯಿ.

ಆ ಅಂತರವನ್ನು ಇಟ್ಟುಕೊಳ್ಳುವ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ನಿರೋಧ್ ಇದೆ. ವಾರದ ಮಾತ್ರೆ ‘ಛಾಯಾ’ ಇದೆ. ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಬಳಿಕ ವಾರಕ್ಕೊಮ್ಮೆ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು ಇದೆ. ಐದು ಮತ್ತು ಹತ್ತು ವರ್ಷ ಕೆಲಸ ಮಾಡುವ ಎರಡು ಬಗೆಯ ಕಾಪರ್-ಟಿ ಇವೆ. ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ಅಳವಡಿಸಿಕೊಂಡು ಬರಬಹುದು, ಬೇಕೆಂದಾಗ ತೆಗೆಸಬಹುದು. ತಾಯಿಯ ದೇಹ ಚೇತರಿಸಿಕೊಳ್ಳಲು ಒಂದು ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಅಂತರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳು ಸಾಕೆಂದು ನಿರ್ಧರಿಸಿದವರಲ್ಲಿ ಶಸ್ತ್ರಚಿಕಿತ್ಸೆಗೆ ಬರುವವರು ಬಹುಮಟ್ಟಿಗೆ ಹೆಂಗಸರೇ. ಗಂಡಸರ ಸಂಖ್ಯೆ ಹೇಳಲು ಸಂಕೋಚವಾಗುವಷ್ಟು ಕಡಿಮೆ. ಹೊಲಿಗೆಯಿಲ್ಲದ ಪುರುಷ ಸಂತಾನಹರಣ ಚಿಕಿತ್ಸೆಯು ಹೆಂಗಸರದ್ದಕ್ಕಿಂತ ಸರಳ, ಅದೇ ದಿನ ಮನೆಗೆ ಮರಳಬಹುದು. ಬಳಿಕ ಮೂರು ತಿಂಗಳು ಮಾತ್ರ ಬೇರೆ ಸಾಧನವನ್ನು ಬಳಸಬೇಕು. ಅದರಿಂದ ದುಡಿಯುವ ಶಕ್ತಿ ಕುಂದುವುದೆಂಬುದು ಸುಳ್ಳು ಮಾತು.

ಸಂಸಾರವನ್ನು ಸಾಲಕ್ಕೆ ನೂಕುವ ಇನ್ನೊಂದು ಕಾರಣ ಕಾಯಿಲೆ. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡನ್ನು ಕಾಯಿಲೆ ಬರುವ ಮುಂಚೆ ಮಾಡಿಸಿಡಿ. ವರ್ಷಕ್ಕೆ ರೂ. 436ರ ಜೀವ ವಿಮೆ, ರೂ. 20ರ ಅಪಘಾತ ವಿಮೆ ಬ್ಯಾಂಕಿನಲ್ಲಿವೆ, ತಲಾ ರೂ. 2 ಲಕ್ಷ. ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರ ಹೆಸರಿನಲ್ಲಿಯೂ ಮಾಡಿಸಬೇಕು. ಗಂಡನ ಹೆಸರಿನಲ್ಲಿ ಮಾತ್ರ ವಿಮೆ ಮಾಡಿಸುವುದು ಹಳೆಯ ಕಾಲದ ಲೆಕ್ಕ.

ಮಗಳು ಹತ್ತು ವರ್ಷದೊಳಗಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ ರೂ. 250, ಹದಿನೈದು ವರ್ಷ ಕಟ್ಟುವುದು, ಇಪ್ಪತ್ತೊಂದಕ್ಕೆ ಪೂರ್ಣವಾಗುವುದು. ಹದಿನೆಂಟರ ಬಳಿಕ ಓದಿಗಾಗಿ ಅದರಿಂದ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ಅದನ್ನು ಮದುವೆಯ ನಿಧಿ ಎಂದು ಕರೆಯದೆ ಓದಿನ ನಿಧಿ ಎಂದು ಮೊದಲಿನಿಂದಲೇ ಕರೆಯಿರಿ. ಹೆಸರಿಟ್ಟಂತೆ ಹಣ ಹೋಗುತ್ತದೆ. ನಿಮ್ಮ ಮುಪ್ಪಿಗೆ ಅಟಲ್ ಪಿಂಚಣಿ ಇದೆ. ಅರವತ್ತರ ನಂತರ ತಿಂಗಳಿಗೆ ರೂ. 5,000 ಬರಬೇಕಾದರೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ ರೂ. 376 ಕಟ್ಟಬೇಕು, ಮೂವತ್ತೈದರಲ್ಲಿ ಸೇರಿದವರು ರೂ. 902. ನಲವತ್ತು ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಸೇರಲು ಅವಕಾಶವಿಲ್ಲ.

ಕೊನೆಯದಾಗಿ ಕಾಗದಪತ್ರಗಳ ವಿಷಯ. ಬ್ಯಾಂಕ್ ಪುಸ್ತಕಗಳು, ವಿಮೆ ರಸೀತಿ, ಭವಿಷ್ಯನಿಧಿ ಸಂಖ್ಯೆ, ಪಹಣಿ, ಅಡವಿಟ್ಟ ಚಿನ್ನದ ಚೀಟಿ, ಕೊಟ್ಟ ಸಾಲ ತಂದ ಸಾಲಗಳ ಪಟ್ಟಿ, ಇಷ್ಟನ್ನೂ ಒಂದೇ ತಗಡಿನ ಪೆಟ್ಟಿಗೆಯಲ್ಲಿಟ್ಟು ಅದು ಎಲ್ಲಿದೆ ಎಂಬುದನ್ನು ಇಬ್ಬರೂ ತಿಳಿದಿರಿ. ಪ್ರತಿ ಖಾತೆಯಲ್ಲೂ ನಾಮಿನಿಯ ಹೆಸರು ಬರೆದಿದೆಯೇ ಎಂದು ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ತಂದೆಯ ಹೆಸರೋ ಅಣ್ಣನ ಹೆಸರೋ ಹಾಗೆಯೇ ಉಳಿದಿರುತ್ತದೆ. ಬದಲಾಯಿಸಲು ಒಂದು ನಮೂನೆ ತುಂಬಿದರೆ ಸಾಕು. ಈ ವಾರ ಬ್ಯಾಂಕಿಗೆ ಹೋಗುವವರು ಇಬ್ಬರ ಪುಸ್ತಕಗಳನ್ನೂ ಒಯ್ದು ಆ ಕೆಲಸವನ್ನು ಮುಗಿಸಿಕೊಂಡು ಬನ್ನಿ. ಅಂತರದ ಸಾಧನಗಳ ಬಗ್ಗೆ ಪ್ರಶ್ನೆಗಳಿರುವವರು ಇಲ್ಲಿಯೇ ಇರುವ ಆರೋಗ್ಯ ಸಹಾಯಕಿಯವರನ್ನು ಈಗಲೇ ಕಾಣಬಹುದು. ಗಂಡಸರ ಪ್ರಶ್ನೆಗಳಿಗೆ ಪಕ್ಕದ ಕೊಠಡಿಯಲ್ಲಿ ಆರೋಗ್ಯ ಸಹಾಯಕರು ಕುಳಿತಿದ್ದಾರೆ.